‘ಸ್ಟೇ’ ಬಂದಿದೆ ಅಂದರೆ ಏನು? ತಡೆಯಾಜ್ಞೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಕಡೆ ಜಮೀನಿನ ಮಾತು ಎತ್ತಿದರೆ ಸಾಕು, ‘ಸ್ಟೇ’ ಅನ್ನುವ ಮಾತು ಬಂದೇ ಬರುತ್ತದೆ. ‘ಅವ್ರು ಸ್ಟೇ ತಂದವ್ರೆ’, ‘ನಮ್ ಮೇಲೆ ಸ್ಟೇ ಬಿದ್ದೈತೆ’, ‘ಸ್ಟೇ ವೆಕೇಟ್ ಆಯ್ತಂತೆ’. ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿರುವ ನಾನು ದಿನಾ ಇದನ್ನು ಕೇಳುತ್ತೇನೆ. ಹೀಗೆ ಹೇಳುವವರಲ್ಲಿ ಬಹಳ ಜನ ಆ ಆದೇಶದ ಕಾಗದವನ್ನು ಕಣ್ಣಲ್ಲಿ ನೋಡಿರುವುದೇ ಇಲ್ಲ. ಎದುರು ಪಾರ್ಟಿ ಹೇಳಿದ್ದನ್ನೋ ಊರಿನ ಯಜಮಾನರು ಹೇಳಿದ್ದನ್ನೋ ನಂಬಿ ಗದ್ದೆ ಬೀಳು ಬಿಟ್ಟವರಿದ್ದಾರೆ. ‘ಸ್ಟೇ ನಂದೇ’ ಅಂದುಕೊಂಡು ಮನೆ ಕಟ್ಟಲು ಹೋಗಿ ಸಿಕ್ಕಿಹಾಕಿಕೊಂಡವರೂ ಇದ್ದಾರೆ. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದು ತಿಳಿವಳಿಕೆಗೆ. ನಿಮ್ಮ ಕೇಸಿನ ವಿಚಾರದಲ್ಲಿ ನಿಮ್ಮ ವಕೀಲರನ್ನೇ ಕೇಳಿ.

ಸ್ಟೇ ಅಂದರೆ ಸರಿಯಾಗಿ ಏನು?

ಯಾವುದೋ ಒಂದು ಆದೇಶವನ್ನು ಅಥವಾ ಕೆಲಸವನ್ನು ಸದ್ಯಕ್ಕೆ ಮುಂದುವರಿಸಬೇಡಿ ಎಂದು ಮೇಲಿನ ಕೋರ್ಟೋ ಅಧಿಕಾರ ಇರುವ ಅಧಿಕಾರಿಯೋ ಹೇಳುವುದೇ ಸ್ಟೇ. ಕನ್ನಡದ ಕಾಗದಗಳಲ್ಲಿ ತಡೆಯಾಜ್ಞೆ ಅಂತ ಇರುತ್ತದೆ. ಕೆಳಗಿನ ಕೋರ್ಟಿನ ತೀರ್ಪಿನ ಜಾರಿ, ಬ್ಯಾಂಕಿನ ಹರಾಜು, ತಹಶೀಲ್ದಾರರ ಆದೇಶ, ನೌಕರರ ವರ್ಗಾವಣೆ, ಹೀಗೆ ಯಾವುದಕ್ಕೆ ಬೇಕಾದರೂ ಸ್ಟೇ ಬರಬಹುದು. ‘ಸದ್ಯಕ್ಕೆ’ ಅನ್ನುವುದನ್ನು ಮಾತ್ರ ಮರೆಯಬೇಡಿ. ಎಲ್ಲಾ ಸ್ಟೇಗೂ ಒಂದು ಗಡಿ ಇರುತ್ತದೆ. ಮುಂದಿನ ದಿನಾಂಕದವರೆಗೆ, ಅರ್ಜಿ ತೀರ್ಮಾನ ಆಗುವವರೆಗೆ, ಇಲ್ಲವೇ ಕೇಸ್ ಮುಗಿಯುವವರೆಗೆ.

ಸ್ಟೇ, ಇಂಜಂಕ್ಷನ್, ಸ್ಟೇಟಸ್ ಕೋ ಎಲ್ಲಾ ಒಂದೇನಾ?

ಊರಲ್ಲಿ ಮೂರಕ್ಕೂ ಸ್ಟೇ ಅಂತಲೇ ಕರೆಯುತ್ತಾರೆ. ಕೋರ್ಟಿನಲ್ಲಿ ಮೂರೂ ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಆಗುವ ಜಗಳವೇ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಟೇ ಕೊಡುವುದು ಒಂದು ಆದೇಶದ ಮೇಲೆ ಅಥವಾ ಒಂದು ಕೋರ್ಟಿನ, ಕಚೇರಿಯ ನಡಾವಳಿಯ ಮೇಲೆ. ಇಂಜಂಕ್ಷನ್, ಅಂದರೆ ನಿರ್ಬಂಧಕಾಜ್ಞೆ, ಕೊಡುವುದು ಮನುಷ್ಯರ ಮೇಲೆ. ‘ನೀನು ಈ ಜಮೀನಿಗೆ ಇಳಿಯಬೇಡ, ಇವರ ಸ್ವಾಧೀನಕ್ಕೆ ಅಡ್ಡಿ ಮಾಡಬೇಡ’ ಅನ್ನುವುದು ಇಂಜಂಕ್ಷನ್. ಅಣ್ಣ-ತಮ್ಮಂದಿರ ಪಾಲಿನ ದಾವೆಯಲ್ಲಿ, ಬದುವಿನ ತಕರಾರಿನಲ್ಲಿ, ದಾರಿ ಜಗಳದಲ್ಲಿ ‘ಸ್ಟೇ’ ಅಂತ ಹೇಳುವುದು ಹೆಚ್ಚಾಗಿ ಇದನ್ನೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆರ್ಡರಿನ (ಇಲ್ಲಿ ಆರ್ಡರ್ ಅಂದರೆ ಆ ಸಂಹಿತೆಯ ಒಂದು ಅಧ್ಯಾಯ) 1 ಮತ್ತು 2ನೇ ರೂಲ್ ಅಡಿ ಇದನ್ನು ಕೇಳುತ್ತಾರೆ. ನಿಮಗೆ ಬಂದ ಅರ್ಜಿಯ ತಲೆಯಲ್ಲಿ ಆ ನಂಬರ್ ಇದ್ದರೆ ಅದು ತಾತ್ಕಾಲಿಕ ನಿರ್ಬಂಧಕಾಜ್ಞೆಯ ಅರ್ಜಿ.

ಸ್ಟೇಟಸ್ ಕೋ ಅಂದರೆ ಯಥಾಸ್ಥಿತಿ. ಇವತ್ತು ಹೇಗಿದೆಯೋ ಹಾಗೇ ಇರಲಿ ಅನ್ನುವ ಆದೇಶ. ಇಂಜಂಕ್ಷನ್ ಸಾಮಾನ್ಯವಾಗಿ ಪ್ರತಿವಾದಿಯ ಕೈ ಕಟ್ಟುತ್ತದೆ. ಯಥಾಸ್ಥಿತಿ ಆದೇಶದಲ್ಲಿ ‘ಉಭಯ ಪಕ್ಷಗಾರರು’ ಅಂತ ಬರೆದಿದ್ದರೆ ಅದನ್ನು ಕೇಳಿ ತಂದವರ ಕೈಯೂ ಕಟ್ಟಿದ ಹಾಗೇ. ‘ಆರ್ಡರ್ ತಂದಿದ್ದು ನಾನು, ನಾನ್ಯಾಕೆ ಪಾಯ ತೆಗೀಬಾರದು?’ ಅಂತ ಕೇಳುವವರಿಗೆ ಇದೇ ಉತ್ತರ.

ಸ್ಟೇ ಸಿಕ್ಕಿದರೆ ಕೇಸ್ ಗೆದ್ದ ಹಾಗೆ ಅಲ್ವಾ?

ಖಂಡಿತಾ ಅಲ್ಲ. ಮಧ್ಯಂತರ ಅರ್ಜಿಯಲ್ಲಿ, ಅಂದರೆ ಕೇಸ್ ಮುಗಿಯುವ ಮುಂಚೆ ಸದ್ಯದ ಆದೇಶ ಕೇಳುವ ಅರ್ಜಿಯಲ್ಲಿ, ಕೋರ್ಟು ನೋಡುವುದು ಮೂರು ವಿಷಯ. ಮೇಲ್ನೋಟಕ್ಕೆ ಅರ್ಜಿದಾರರ ಕಡೆ ಹುರುಳಿದೆಯಾ? ಆದೇಶ ಕೊಟ್ಟರೆ ಆಗುವ ತೊಂದರೆ ಜಾಸ್ತಿಯಾ, ಕೊಡದಿದ್ದರೆ ಆಗುವ ತೊಂದರೆ ಜಾಸ್ತಿಯಾ? ಆಮೇಲೆ ದುಡ್ಡಿನಿಂದ ತುಂಬಿಕೊಡಲಾಗದ ನಷ್ಟ ಆಗುತ್ತದಾ? ಜಮೀನು ಯಾರದ್ದು ಅನ್ನುವುದು ಸಾಕ್ಷಿ, ದಾಖಲೆ, ವಾದ ಎಲ್ಲಾ ಮುಗಿದ ಮೇಲೆ ತೀರ್ಮಾನ ಆಗುವ ವಿಚಾರ. ಸ್ಟೇ ಸಿಕ್ಕ ದಿನ ಊರಲ್ಲಿ ಪಟಾಕಿ ಹೊಡೆಯುವುದನ್ನು ಕೇಳಿದ್ದೇನೆ. ಹಾಗೆ ಮಾಡಿದರೆ ಸಂಬಂಧ ಇನ್ನಷ್ಟು ಕೆಡುತ್ತದೆ ಅಷ್ಟೇ, ಹಕ್ಕು ಬರುವುದಿಲ್ಲ.

ಆದೇಶಕ್ಕೆ ಸ್ಟೇ ಬಂದರೆ ಆ ಆದೇಶವೇ ರದ್ದಾಯಿತಾ?

ಇಲ್ಲ. ತೂಬಿಗೆ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ, ಆದರೆ ತೂಬು ಅಲ್ಲೇ ಇರುತ್ತದೆ. ಸ್ಟೇ ಕೂಡ ಹಾಗೆ. ರದ್ದು ಮಾಡುವುದು ಅಂದರೆ ತೂಬನ್ನೇ ಕಿತ್ತು ಮುಚ್ಚುವುದು. ಇದನ್ನು ಸುಪ್ರೀಂ ಕೋರ್ಟ್ 1992ರಲ್ಲಿ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ನಮ್ಮ ರಾಜ್ಯದಿಂದಲೇ ಹೋದ ಕೇಸ್ ಅದು. ಆದೇಶವನ್ನು ರದ್ದು ಮಾಡಿದರೆ ಆ ಆದೇಶ ಬರುವ ಮುಂಚೆ ಏನಿತ್ತೋ ಆ ಸ್ಥಿತಿಗೆ ವಾಪಸ್ ಹೋಗುತ್ತೇವೆ. ಸ್ಟೇ ಕೊಟ್ಟರೆ ಆದೇಶ ಅಳಿಸಿ ಹೋಗುವುದಿಲ್ಲ, ಸ್ಟೇ ಬಂದ ದಿನದಿಂದ ಮುಂದಕ್ಕೆ ಅದು ಕೆಲಸ ಮಾಡುವುದಿಲ್ಲ ಅಷ್ಟೇ.

ಇದರಿಂದ ಒಂದು ಮುಖ್ಯ ವಿಚಾರ ಗೊತ್ತಾಗುತ್ತದೆ. ಸ್ಟೇ ಬರುವ ಮುಂಚೆಯೇ ನಡೆದು ಹೋಗಿರುವುದನ್ನು ಸ್ಟೇ ತಾನಾಗಿ ವಾಪಸ್ ತರುವುದಿಲ್ಲ. ಗೋಡೆ ಒಡೆದು ಆದ ಮೇಲೆ ‘ಒಡೆಯಬೇಡಿ’ ಅನ್ನುವ ಸ್ಟೇ ತಂದರೆ ಪ್ರಯೋಜನ ಕಡಿಮೆ. ಆಗ ಬೇರೆ ಪರಿಹಾರ ಕೇಳಬೇಕಾಗುತ್ತದೆ.

ಆದೇಶದ ಕಾಗದ ಕೈಗೆ ಬಂತು. ಅದರಲ್ಲಿ ಏನೇನು ನೋಡಬೇಕು?

ಈ ಪುಟದಲ್ಲಿ ಇದೊಂದನ್ನು ಓದಿದರೂ ಸಾಕು.

ಮೊದಲು ಕೊನೆಯ ಪ್ಯಾರಾಕ್ಕೆ ಹೋಗಿ. ಅದಕ್ಕಿಂತ ಮುಂಚಿನದೆಲ್ಲ ಅವರು ಹೀಗೆ ಹೇಳಿದರು, ಇವರು ಹಾಗೆ ಹೇಳಿದರು ಅಂತ ಇರುತ್ತದೆ. ಅದನ್ನು ಓದಿ ಗಾಬರಿ ಬೀಳಬೇಡಿ, ಅದು ಕೋರ್ಟಿನ ತೀರ್ಮಾನ ಅಲ್ಲ. ಆದೇಶ ಇರುವುದು ಕೊನೆಯಲ್ಲಿ. ಸಾಮಾನ್ಯವಾಗಿ ಹೀಗಿರುತ್ತದೆ: ‘ಪ್ರತಿವಾದಿಗಳು, ಅವರ ಕಡೆಯವರು, ಆಳುಗಳು ಅಥವಾ ಅವರ ಪರವಾಗಿ ಬರುವ ಯಾರೂ ದಾವಾ ಷೆಡ್ಯೂಲ್ ಸ್ವತ್ತಿನಲ್ಲಿ ವಾದಿಯ ಶಾಂತಿಯುತ ಸ್ವಾಧೀನಾನುಭವಕ್ಕೆ ಮುಂದಿನ ವಿಚಾರಣೆಯ ದಿನಾಂಕದವರೆಗೆ ಅಡ್ಡಿಪಡಿಸಬಾರದು.’

ಈ ಒಂದು ವಾಕ್ಯವನ್ನು ತುಂಡು ತುಂಡಾಗಿ ಓದಿ. ‘ಪ್ರತಿವಾದಿಗಳು’ ಅಂದರೆ ಯಾರ್ಯಾರು? ಮೊದಲ ಪುಟದಲ್ಲಿ ನಂಬರ್ ಹಾಕಿ ಹೆಸರು ಬರೆದಿರುತ್ತಾರೆ. ಕೆಲವು ಸಲ 1ನೇ ಪ್ರತಿವಾದಿಯ ಮೇಲೆ ಮಾತ್ರ ಆದೇಶ ಇರುತ್ತದೆ. ‘ಷೆಡ್ಯೂಲ್ ಸ್ವತ್ತು’ ಯಾವುದು? ದಾವೆಯ ಕೊನೆಯಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ, ಚಕ್ಕುಬಂದಿ ಎಲ್ಲಾ ಇರುತ್ತದೆ. ನಿಮ್ಮ ಪಹಣಿ ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ. ಒಂದೇ ಸರ್ವೆ ನಂಬರಿನಲ್ಲಿ ಹತ್ತು ಹಿಸ್ಸಾ ಇರುವ ಊರುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಬೇರೆ ಹಿಸ್ಸಾಕ್ಕೆ ಬಂದ ಆದೇಶವನ್ನು ತೋರಿಸಿ ನಿಮ್ಮ ಗದ್ದೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಆಗುವುದಿಲ್ಲ. ‘ಅಡ್ಡಿಪಡಿಸಬಾರದು’ ಅಂತ ಇದೆಯಾ, ‘ಪರಭಾರೆ ಮಾಡಬಾರದು’ ಅಂತ ಇದೆಯಾ? ಪರಭಾರೆ ಅಂದರೆ ಮಾರುವುದು, ದಾನ ಕೊಡುವುದು ಇಂಥವು. ಪರಭಾರೆಗೆ ಮಾತ್ರ ತಡೆ ಇದ್ದರೆ ನೀವು ಉಳುಮೆ ಮಾಡುವುದಕ್ಕೆ ಆ ಆದೇಶ ಅಡ್ಡ ಬರುವುದಿಲ್ಲ. ಕೊನೆಗೆ ‘ಮುಂದಿನ ದಿನಾಂಕದವರೆಗೆ’. ಆ ದಿನ ಮುಂದುವರಿಸಿದರಾ ಇಲ್ಲವಾ ಅನ್ನುವುದನ್ನು ಆರ್ಡರ್ ಶೀಟಿನಲ್ಲೇ, ಅಂದರೆ ಪ್ರತಿ ದಿನಾಂಕಕ್ಕೆ ಏನಾಯಿತು ಅಂತ ಕೋರ್ಟು ಬರೆಯುವ ಹಾಳೆಯಲ್ಲೇ, ನೋಡಬೇಕು. ಸುಮ್ನೆ ಅಂದಾಜು ಮಾಡಬಾರದು.

ನನಗೆ ನೋಟಿಸೇ ಬಂದಿಲ್ಲ. ನನ್ನ ಮಾತು ಕೇಳದೆ ಹೇಗೆ ಕೊಟ್ಟರು?

ಇದಕ್ಕೆ ಏಕಪಕ್ಷೀಯ ಆದೇಶ ಅನ್ನುತ್ತಾರೆ. ಎದುರು ಪಾರ್ಟಿಗೆ ನೋಟಿಸ್ ಕೊಟ್ಟು ಆಮೇಲೆ ಇಂಜಂಕ್ಷನ್ ಕೊಡುವುದೇ ನಿಯಮ. ನೋಟಿಸ್ ಕೊಡುವಷ್ಟರಲ್ಲಿ ಕೆಲಸ ಕೆಟ್ಟುಹೋಗುತ್ತದೆ ಅನ್ನಿಸಿದರೆ ಮಾತ್ರ ಕೋರ್ಟು ಕಾರಣ ಬರೆದು ಹೀಗೆ ಕೊಡಬಹುದು. ಕೊಟ್ಟ ಮೇಲೆ ಅರ್ಜಿ, ದಾವೆ, ದಾಖಲೆಗಳ ನಕಲನ್ನು ಎದುರು ಪಾರ್ಟಿಗೆ ಕೂಡಲೇ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು. ಹಾಗೆ ಮಾಡಿದ್ದೇನೆ ಅಂತ ಅದೇ ದಿನ ಅಥವಾ ಮಾರನೇ ದಿನ ಅಫಿಡವಿಟ್ ಹಾಕಬೇಕು. ಇಂಥ ಅರ್ಜಿಯನ್ನು 30 ದಿನದೊಳಗೆ ತೀರ್ಮಾನ ಮಾಡಲು ಕೋರ್ಟು ಪ್ರಯತ್ನಿಸಬೇಕು ಅಂತಲೂ ಕಾನೂನಿನಲ್ಲಿದೆ.

ನೀವು ಮಾಡಬೇಕಾದ್ದು ಇಷ್ಟು. ತಕ್ಷಣ ವಕೀಲರ ಮೂಲಕ ಹಾಜರಾಗಿ ತಕರಾರು ಹಾಕಿ. ಆದೇಶ ತೆರವು ಮಾಡಿ ಅಂತ 39ನೇ ಆರ್ಡರಿನ 4ನೇ ರೂಲ್ ಅಡಿ ಅರ್ಜಿ ಕೊಡಿ. ವೆಕೇಟ್ ಅನ್ನುವುದು ಇದಕ್ಕೇ. ಎದುರಿನವರು ಮುಖ್ಯ ವಿಚಾರ ಮುಚ್ಚಿಟ್ಟು ಆದೇಶ ತಂದಿದ್ದರೆ ಅದಕ್ಕೆ ದಾಖಲೆ ತೋರಿಸಿ. ‘ಹೇಗೂ ಸುಳ್ಳು ಕೇಸು, ಬಿಡು’ ಅಂತ ಮನೆಯಲ್ಲಿ ಕೂತರೆ ಆದೇಶ ಮುಂದುವರಿಯುತ್ತಲೇ ಹೋಗುತ್ತದೆ.

ಹೈಕೋರ್ಟಿನಲ್ಲಿ ರಿಟ್ ಅರ್ಜಿಯ (ಸರ್ಕಾರದ, ಅಧಿಕಾರಿಗಳ ಆದೇಶ ಪ್ರಶ್ನಿಸಿ ಹಾಕುವ ಅರ್ಜಿ) ಮೇಲೆ ನಿಮ್ಮ ಮಾತು ಕೇಳದೆ ಮಧ್ಯಂತರ ಆದೇಶ ಆಗಿದ್ದರೆ ಸಂವಿಧಾನದ 226ನೇ ವಿಧಿಯ 3ನೇ ಉಪವಿಧಿ ನೋಡಿ. ತೆರವಿಗೆ ಅರ್ಜಿ ಹಾಕಿ ನಕಲು ಕೊಟ್ಟ ಎರಡು ವಾರದೊಳಗೆ ಅದನ್ನು ತೀರ್ಮಾನ ಮಾಡಬೇಕು, ಇಲ್ಲದಿದ್ದರೆ ಆದೇಶ ತೆರವಾಗುತ್ತದೆ ಅಂತ ಅಲ್ಲಿದೆ. ನಮ್ಮ ಮಂಡ್ಯ, ಮೈಸೂರು ಜಿಲ್ಲೆಗಳ ಹೈಕೋರ್ಟ್ ಕೇಸುಗಳು ನಡೆಯುವುದು ಬೆಂಗಳೂರಿನ ಪ್ರಧಾನ ಪೀಠದಲ್ಲಿ.

ಎದುರು ಪಾರ್ಟಿ ಸ್ಟೇ ತರಬಹುದು ಅಂತ ಮೊದಲೇ ಗೊತ್ತಾದರೆ?

ಕೇವಿಯಟ್ ಹಾಕಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಅಡಿ ‘ನನ್ನನ್ನು ಕೇಳದೆ ಆದೇಶ ಮಾಡಬೇಡಿ’ ಅಂತ ಮುಂಚೆಯೇ ಕೊಡುವ ಅರ್ಜಿ ಇದು. 90 ದಿನ ಜೀವ ಇರುತ್ತದೆ. ಆಮೇಲೂ ಭಯ ಇದ್ದರೆ ಹೊಸದಾಗಿ ಹಾಕಬೇಕು. ಎದುರಿನವರು ಯಾವ ಕೋರ್ಟಿನಲ್ಲಿ ಕೇಸ್ ಹಾಕುತ್ತಾರೋ ಅಲ್ಲೇ ಕೇವಿಯಟ್ ಹಾಕಿದರೆ ಮಾತ್ರ ಉಪಯೋಗ.

ಅಪೀಲ್ ಹಾಕಿದ್ದೇನೆ. ಅಂದ ಮೇಲೆ ಸ್ಟೇ ಇದ್ದ ಹಾಗೇ ತಾನೆ?

ಅಲ್ಲ. ಅಪೀಲ್ ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟಿನ ತೀರ್ಪು ನಿಲ್ಲುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆರ್ಡರಿನ 5ನೇ ರೂಲ್ ಇದನ್ನು ನೇರವಾಗಿ ಹೇಳುತ್ತದೆ. ಸ್ಟೇಗೆ ಬೇರೆ ಅರ್ಜಿ ಹಾಕಬೇಕು, ಬೇರೆ ಆದೇಶ ಪಡೆಯಬೇಕು. ‘ಅಪೀಲ್ ನಂಬರ್ ಆಗಿದೆ’ ಅಂತ ನಿಶ್ಚಿಂತೆಯಿಂದ ಇದ್ದು, ಒಂದು ಬೆಳಿಗ್ಗೆ ತೀರ್ಪು ಜಾರಿ ಮಾಡುವ ಕೋರ್ಟಿನ ಅಮೀನರು ಮನೆ ಮುಂದೆ ಬಂದು ನಿಂತಾಗ ಓಡಿ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸ್ಟೇ ಕೊಟ್ಟಿದ್ದಾರೆ, ಆದರೆ ‘ಷರತ್ತಿಗೆ ಒಳಪಟ್ಟು’ ಅಂತ ಇದೆ. ಏನರ್ಥ?

ಹೇಳಿದ ಷರತ್ತು ಪೂರೈಸಿದರೆ ಮಾತ್ರ ಸ್ಟೇ. ಹಣದ ಡಿಕ್ರಿಯಾದರೆ, ಅಂದರೆ ದುಡ್ಡು ಕೊಡಿ ಅನ್ನುವ ತೀರ್ಪಾದರೆ, ಇಷ್ಟು ದುಡ್ಡನ್ನು ಇಷ್ಟು ವಾರದಲ್ಲಿ ಕೋರ್ಟಿಗೆ ಕಟ್ಟಿ ಅನ್ನುತ್ತಾರೆ. ಕಟ್ಟದಿದ್ದರೆ ಸ್ಟೇ ನಿಲ್ಲುವುದಿಲ್ಲ. ಆ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಷರತ್ತಿನ ಸ್ಟೇಗೆ ದೇಶಕ್ಕೇ ಗೊತ್ತಿರುವ ಉದಾಹರಣೆ 1975ರದ್ದು. ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ ಜೂನ್ 12ರಂದು ಅಸಿಂಧು ಮಾಡಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಜೂನ್ 24ರಂದು ಪೂರ್ತಿ ಸ್ಟೇ ಕೊಡದೆ ಷರತ್ತು ಹಾಕಿ ಕೊಟ್ಟರು. ಸದನಕ್ಕೆ ಹೋಗಬಹುದು, ಸದಸ್ಯೆಯಾಗಿ ಮತ ಹಾಕುವಂತಿಲ್ಲ. ಮಾರನೇ ದಿನವೇ ತುರ್ತು ಪರಿಸ್ಥಿತಿ ಬಂತು.

ಆರು ತಿಂಗಳಾದ ಮೇಲೆ ಸ್ಟೇ ತಾನಾಗೇ ಹೋಗುತ್ತದಂತೆ, ನಿಜವಾ?

ಈಗ ನಿಜ ಅಲ್ಲ. 2018ರಲ್ಲಿ ಏಷ್ಯನ್ ರಿಸರ್ಫೇಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತ್ತು. ವಿಚಾರಣೆ ನಿಲ್ಲಿಸಲು ಕೊಟ್ಟ ಸ್ಟೇಯನ್ನು ಕಾರಣ ಬರೆದು ಮುಂದುವರಿಸದಿದ್ದರೆ ಆರು ತಿಂಗಳಿಗೆ ಅದು ಮುಗಿಯುತ್ತದೆ ಅಂತ. ಆದರೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ಫೆಬ್ರವರಿ 29ರಂದು ಅದನ್ನು ತಳ್ಳಿಹಾಕಿತು. ಈಗಲೂ ಹಳೆಯ ಮಾತನ್ನೇ ನಂಬಿ ‘ಆರು ತಿಂಗಳಾಯ್ತು, ಇನ್ನು ಉಳಬಹುದು’ ಅಂತ ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆದೇಶ ಕೈಗೆ ಬಂದಿಲ್ಲ, ಬಾಯಿ ಮಾತಲ್ಲಿ ಹೇಳಿದರು. ಒಪ್ಪಬೇಕಾ?

ಇಂಜಂಕ್ಷನ್ ಆದೇಶ ಮಾಡಿದ ಕ್ಷಣದಿಂದಲೇ ಲೆಕ್ಕ. ಆದರೆ ಗೊತ್ತಿಲ್ಲದೆ ಮಾಡಿದ್ದಕ್ಕೆ ಶಿಕ್ಷೆ ಇಲ್ಲ. ಕೆಳಗಿನ ಕೋರ್ಟಿನ ನಡಾವಳಿಗೆ ಬಂದ ಸ್ಟೇ ಆ ಕೋರ್ಟಿಗೆ ತಿಳಿದ ಮೇಲೆ ಅದರ ಕೈ ಕಟ್ಟುತ್ತದೆ. ಇದು ಸುಪ್ರೀಂ ಕೋರ್ಟಿನ 1967ರ ಮುಲ್ರಾಜ್ ತೀರ್ಪಿನಿಂದ ಬಂದ ಮಾತು. ‘ತಿಳಿಯುವುದು’ ಅಂದರೆ ಮುದ್ರೆ ಒತ್ತಿದ ಕಾಗದವೇ ಕೈಗೆ ಬರಬೇಕು ಅಂತಿಲ್ಲ. ನಂಬುವಂಥ ರೀತಿಯಲ್ಲಿ ಗೊತ್ತಾದರೂ ಆಯಿತು. ಅದಕ್ಕೇ ಯಾರಾದರೂ ‘ಆರ್ಡರ್ ಆಗಿದೆ’ ಅಂದರೆ ಜಗಳಕ್ಕೆ ನಿಲ್ಲಬೇಡಿ. ಕೇಸ್ ನಂಬರ್ ಕೇಳಿ, ಅವತ್ತೇ ಪರಿಶೀಲಿಸಿ, ಅಲ್ಲಿಯವರೆಗೆ ಕೆಲಸ ನಿಲ್ಲಿಸಿ.

ಸ್ಟೇ ಮೀರಿದರೆ ಏನಾಗುತ್ತದೆ? ಪೊಲೀಸರು ಬಂದು ನಿಲ್ಲಿಸುತ್ತಾರಾ?

ಇಂಜಂಕ್ಷನ್ ಮೀರಿದವರ ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. 39ನೇ ಆರ್ಡರಿನ 2ಎ ರೂಲ್ ಅದು. ಹೈಕೋರ್ಟ್ ಆದೇಶ ಮೀರಿದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಡಿ ಆರು ತಿಂಗಳವರೆಗೆ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪೊಲೀಸರು ಮಾತ್ರ ಸಾಮಾನ್ಯವಾಗಿ ‘ಇದು ಸಿವಿಲ್ ವಿಚಾರ, ಕೋರ್ಟಿಗೆ ಹೋಗಿ’ ಅನ್ನುತ್ತಾರೆ. ಆದೇಶ ಇದ್ದೂ ಎದುರಿನವರು ನುಗ್ಗುತ್ತಿದ್ದರೆ ಪೊಲೀಸ್ ರಕ್ಷಣೆ ಕೊಡಿಸಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ನಡೆದದ್ದಕ್ಕೆ ಫೋಟೋ, ವಿಡಿಯೋ, ದಿನಾಂಕ ಇಟ್ಟುಕೊಳ್ಳಿ. ಕುಡುಗೋಲು, ಮಚ್ಚು ಹಿಡಿದು ಹೋದರೆ ಆದೇಶ ಇದ್ದವರೂ ಆರೋಪಿಯಾಗುತ್ತಾರೆ.

ಸ್ಟೇಟಸ್ ಕೋ ಇದೆ, ಕಬ್ಬು ಕಡಿಯುವ ಹಾಗಾಗಿದೆ. ಏನು ಮಾಡೋದು?

ನಮ್ಮ ಕಡೆಯವರಿಗೆ ಇದು ದೊಡ್ಡ ಸಂಕಟ. ಫ್ಯಾಕ್ಟರಿಯಿಂದ ಕಟಿಂಗ್ ಆರ್ಡರ್ ಬಂದಿರುತ್ತದೆ, ಕಡಿಯುವ ಆಳುಗಳು ಬಂದು ಕೂತಿರುತ್ತಾರೆ, ಇತ್ತ ಯಥಾಸ್ಥಿತಿ ಆದೇಶ. ನಿಂತ ಕಬ್ಬು ಒಣಗಿದರೆ ಇಬ್ಬರಿಗೂ ನಷ್ಟ. ಧೈರ್ಯ ಮಾಡಿ ಕಡಿಯುವುದೂ ತಪ್ಪು, ಸುಮ್ನೆ ಬಿಡುವುದೂ ತಪ್ಪು. ಕಟಾವಿಗೆ ಅನುಮತಿ ಕೊಡಿ ಅಂತ ಅದೇ ಕೋರ್ಟಿನಲ್ಲಿ ಮಧ್ಯಂತರ ಅರ್ಜಿ ಹಾಕಿ. ಬಂದ ದುಡ್ಡನ್ನು ಕೋರ್ಟಿನಲ್ಲಿ ಠೇವಣಿ ಇಡುತ್ತೇನೆ ಅಥವಾ ಲೆಕ್ಕ ಕೊಡುತ್ತೇನೆ ಅಂತ ನೀವೇ ಮುಂದೆ ಬಂದರೆ ಅರ್ಜಿಗೆ ಬಲ ಬರುತ್ತದೆ. ಕಬ್ಬು ಬೆಳೆದ ಮೇಲೆ ಓಡಾಡುವುದಕ್ಕಿಂತ ಆದೇಶ ಬಂದ ದಿನವೇ ವಕೀಲರಿಗೆ ‘ಬೆಳೆ ನಿಂತಿದೆ’ ಅಂತ ಹೇಳಿಡಿ.

ನಿಷೇಧಾಜ್ಞೆ ಅಂತಾರಲ್ಲ, ಅದೂ ಸ್ಟೇನಾ?

ಅಲ್ಲ. ಕಾವೇರಿ ಗಲಾಟೆಯಲ್ಲಿ ಮಂಡ್ಯ, ಕೆಆರ್‌ಎಸ್ ಕಡೆ ಹಾಕುತ್ತಿದ್ದ ‘144’ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ) ಅದು. ಗುಂಪು ಸೇರಬಾರದು ಅಂತ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ಅಧಿಕಾರಿ ಸಾರ್ವಜನಿಕರಿಗೆ ಹಾಕುವ ಆಜ್ಞೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಅದು 163ನೇ ಕಲಂ. ಜನರ ಬಾಯಲ್ಲಿ ಈಗಲೂ 144 ಅಂತಲೇ ಇದೆ.

‘ಅಬೆಯನ್ಸ್‌ನಲ್ಲಿ ಇಡಲಾಗಿದೆ’ ಅಂದರೆ?

ಆದೇಶ ಹೊರಡಿಸಿದವರೇ ಅದನ್ನು ಸದ್ಯಕ್ಕೆ ಜಾರಿ ಮಾಡದೆ ಪಕ್ಕಕ್ಕಿಟ್ಟರೆ ಈ ಮಾತು ಬಳಸುವುದು ಹೆಚ್ಚು. ಸರ್ಕಾರಿ ಕಾಗದದಲ್ಲಿ ‘ತಡೆಹಿಡಿಯಲಾಗಿದೆ’ ಅಂತ ಬರೆಯುತ್ತಾರೆ. ಆದೇಶ ರದ್ದಾಗಿರುವುದಿಲ್ಲ.

ನಮ್ಮ ಜಿಲ್ಲೆಗೆ ಈ ಮಾತಿನ ನೆನಪು ಕಹಿಯಾದದ್ದು. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹತ್ತು ದಿನ 15,000 ಕ್ಯೂಸೆಕ್ ನೀರು ಬಿಡಿ ಅಂದಿತು. ಆ ಆದೇಶವನ್ನು ಅಬೆಯನ್ಸ್‌ನಲ್ಲಿ ಇಡಿ ಅಂತ ಕರ್ನಾಟಕ ಕೇಳಿತು. ಜನ ಬೀದಿಗೆ ಇಳಿದಿದ್ದಾರೆ ಅನ್ನುವುದು ಆದೇಶ ಪಾಲಿಸದಿರಲು ಕಾರಣ ಆಗುವುದಿಲ್ಲ ಎಂದು ಕೋರ್ಟು ಸೆಪ್ಟೆಂಬರ್ 12ರಂದು ಹೇಳಿ, ಹಾಗೆ ಇಡಲು ಒಪ್ಪಲಿಲ್ಲ. ಪ್ರಮಾಣವನ್ನು 12,000 ಕ್ಯೂಸೆಕ್‌ಗೆ ಇಳಿಸಿ ಸೆಪ್ಟೆಂಬರ್ 20ರವರೆಗೆ ಬಿಡಿ ಎಂದಿತು. ಅಂದರೆ ಅದು ಸ್ಟೇಯೂ ಅಲ್ಲ, ರದ್ದೂ ಅಲ್ಲ, ಆದೇಶದ ಮಾರ್ಪಾಡು. ನಮ್ಮ ರೈತರ ನೋವು ಏನು ಅಂತ ಬಲ್ಲೆ. ಆದರೂ ಆ ದಿನ ಕೋರ್ಟು ನಿಜಕ್ಕೂ ಏನು ಹೇಳಿತು ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಕಾನೂನಿಗೇ ಸ್ಟೇ ಕೊಡಬಹುದಾ?

ಅಪರೂಪಕ್ಕೆ ಕೊಡುತ್ತಾರೆ. ಮೂರು ಕೃಷಿ ಕಾಯ್ದೆಗಳ ಜಾರಿಗೆ ಸುಪ್ರೀಂ ಕೋರ್ಟ್ 2021ರ ಜನವರಿ 12ರಂದು ತಡೆ ಕೊಟ್ಟಿತು. ಕಾಯ್ದೆಗಳು ಆಗಲೂ ಪುಸ್ತಕದಲ್ಲಿ ಇದ್ದವು. ಅವು ಹೋದದ್ದು ಅದೇ ವರ್ಷ ನವೆಂಬರ್ 29ರಂದು ಸಂಸತ್ತು ರದ್ದು ಮಸೂದೆ ಪಾಸ್ ಮಾಡಿದ ಮೇಲೆ.

ತಹಶೀಲ್ದಾರ್, ಎಸಿ ಸ್ಟೇ ಕೊಡಬಹುದಾ?

ಮೇಲ್ಮನವಿ ಕೇಳುವ ಅಧಿಕಾರ ಇರುವವರು ಆ ಮೇಲ್ಮನವಿಗೆ ಸಂಬಂಧಪಟ್ಟ ಆದೇಶಕ್ಕೆ ತಡೆ ಕೊಡಬಹುದು. ತಹಶೀಲ್ದಾರರು ಖಾತೆ ಬದಲಾವಣೆ ಬಗ್ಗೆ ಮಾಡಿದ ಆದೇಶದ ಮೇಲೆ ಭೂಕಂದಾಯ ಕಾಯ್ದೆಯ 136(2) ಅಡಿ ಎಸಿ, ಅಂದರೆ ಉಪವಿಭಾಗಾಧಿಕಾರಿಯ ಮುಂದೆ ಅಪೀಲ್ ಹೋಗುತ್ತದೆ. ಆದರೆ ಜಮೀನು ಯಾರದ್ದು ಅನ್ನುವುದನ್ನು ಕಂದಾಯ ಕಚೇರಿಯ ಸ್ಟೇ ತೀರ್ಮಾನಿಸುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟೇ ಆಗಬೇಕು. ಸರ್ಕಾರಿ ನೌಕರರ ವರ್ಗಾವಣೆ ಸ್ಟೇಗೆ ಹೋಗುವುದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ.

ಕೇಸ್ ನಡೆಯುತ್ತಿರುವ ಜಮೀನನ್ನು ಕೊಳ್ಳಬಹುದಾ? ಸ್ಟೇ ಇಲ್ಲ ಅಂತಾರೆ.

ಬೇಡ ಅನ್ನುವುದೇ ನನ್ನ ಮಾತು. ಸ್ಟೇ ಇಲ್ಲದಿದ್ದರೂ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ಕೊಂಡವರು ಆ ಕೇಸಿನ ತೀರ್ಪಿಗೆ ಬದ್ಧರು. ಮಾರಿದವರು ಸೋತರೆ ನಿಮ್ಮ ದುಡ್ಡು ಹಿಂದೆ ಬರಲು ಇನ್ನೊಂದು ಕೇಸ್ ಹಾಕಬೇಕು.

ಸ್ಟೇ ಇದೆಯೋ ಇಲ್ಲವೋ ಅಂತ ನಾವೇ ನೋಡಬಹುದಾ?

ನೋಡಬಹುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಕೇಸಿನ ಸ್ಥಿತಿ, ಮುಂದಿನ ದಿನಾಂಕ ಬರುತ್ತದೆ. ಆದೇಶ ಅಪ್‌ಲೋಡ್ ಆಗಿದ್ದರೆ ಅದೂ ಸಿಗುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ ಪಾರ್ಟಿಯ ಹೆಸರಿನಲ್ಲೂ ಹುಡುಕಬಹುದು. ಆದರೆ ಕಚೇರಿಗೆ ಕೊಡಲು ಆ ಪ್ರಿಂಟ್ ಸಾಲದು, ಕೋರ್ಟಿನ ನಕಲು ವಿಭಾಗದಿಂದ ಸರ್ಟಿಫೈಡ್ ಕಾಪಿ ತೆಗೆಸಿ.

ಸ್ಟೇ ವೆಕೇಟ್ ಆಗಿದೆ, ಆದರೂ ಪಹಣಿಯಲ್ಲಿ ತೋರಿಸುತ್ತಿದೆ. ಯಾಕೆ?

ಕೋರ್ಟಿನಲ್ಲಿ ತೆರವಾದದ್ದು ಪಹಣಿಗೆ ತಾನಾಗಿ ಹೋಗುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ, ಅಂದರೆ ಹಕ್ಕುಗಳು ಮತ್ತು ಋಣಗಳ ಜಾಗದಲ್ಲಿ, ‘ನ್ಯಾಯಾಲಯದ ತಡೆಯಾಜ್ಞೆ’ ಅಂತ ಹಳೇ ನಮೂದು ಹಾಗೇ ಕೂತಿರುತ್ತದೆ. ಬೆಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ತೋರಿಸಿ ವಾಪಸ್ ಕಳಿಸುತ್ತಾರೆ. ತೆರವು ಆದೇಶದ ಸರ್ಟಿಫೈಡ್ ಕಾಪಿ, ಈಗಿನ ಪಹಣಿ, ಒಂದು ಅರ್ಜಿ ಇಷ್ಟನ್ನು ತಾಲ್ಲೂಕು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಸೇ ಮುಗಿದಿದ್ದರೆ ತೀರ್ಪಿನ ನಕಲನ್ನೂ ಸೇರಿಸಿ. ಸ್ವಲ್ಪ ದಿನ ಬಿಟ್ಟು ಹೊಸ ಪಹಣಿ ತೆಗೆಸಿ, 11ನೇ ಕಾಲಂ ಖಾಲಿಯಾಗಿದೆಯಾ ನೋಡಿ.